ನೀರು ಒಯ್ದ ಗುಡಿಯ ಜಾಗ

ಆಫೀಸ್ ಕೆಲಸಕ್ಕೆ ಒಸಾಕಾಗೆ ಹೋಗಿದ್ದಾಗ ಎರಡು ದಿನ ಬಿಡುವು ಸಿಕ್ಕಿತು. ಕ್ಯೋಟೋ ನೋಡ್ಕೊಂಡು ಬಾ ಅಂದರು ಎಲ್ಲರೂ. ನಾನು ದಕ್ಷಿಣದ ರೈಲು ಹತ್ತಿ ಕಿಯಿ-ತನಾಬೆಯಲ್ಲಿ ಇಳಿದೆ. ಅಲ್ಲಿಂದ ಬೆಟ್ಟದ ದಾರಿಯಲ್ಲಿ ಬಸ್ಸಿಗೆ ಸುಮಾರು ಎರಡು ಗಂಟೆ. ಹತ್ತುವಾಗ ಚೀಟಿ ತಗೊಂಡು, ಇಳಿಯುವಾಗ ದುಡ್ಡು ಕೊಡಬೇಕು. ಹೋಗೋರು ಚಿಲ್ಲರೆ ಇಟ್ಟುಕೊಳ್ಳಿ.

ನಾನು ಹೊರಟಿದ್ದು ಕುಮಾನೋ ಹೊಂಗೂ ತೈಶಾ ಎಂಬ ಶಿಂಟೋ ದೇಗುಲಕ್ಕೆ. ಸಾವಿರ ವರ್ಷಗಳ ಹಿಂದೆಯೇ ಚಕ್ರವರ್ತಿಗಳು ಕ್ಯೋಟೋದಿಂದ ಇಲ್ಲಿಗೆ ಯಾತ್ರೆ ಬರುತ್ತಿದ್ದರು. ಅವರು ಬಂದ ಕಾಡುದಾರಿಗಳು 2004ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. 158 ಕಲ್ಲಿನ ಮೆಟ್ಟಿಲು ಹತ್ತಿದರೆ ಮರದ ತೊಗಟೆ ಹೊದಿಸಿದ ಸೂರಿನ ಗುಡಿಗಳು. ಗದ್ದಲವಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರನ್ನು ನೋಡಿ ನಾನೂ ಎರಡು ಸಲ ಬಾಗಿದೆ, ಎರಡು ಸಲ ಚಪ್ಪಾಳೆ ತಟ್ಟಿದೆ, ಮತ್ತೊಮ್ಮೆ ಬಾಗಿದೆ.

ಆದರೆ ಗುಡಿ ಮೊದಲು ಇದ್ದದ್ದು ಇಲ್ಲಲ್ಲ. ಕೆಳಗೆ, ನದಿಗಳು ಕೂಡುವಲ್ಲಿ, ಓಯುನೊಹಾರಾ ಎಂಬ ಮರಳದಿಣ್ಣೆಯ ಮೇಲೆ. ಹಿಂದೆ ಅಲ್ಲಿಗೆ ಸೇತುವೆಯೇ ಇರಲಿಲ್ಲವಂತೆ. ಯಾತ್ರಿಕರು ಹೊಳೆ ದಾಟಿ, ಒದ್ದೆ ಕಾಲಲ್ಲೇ ದೇವರ ಮುಂದೆ ನಿಲ್ಲುತ್ತಿದ್ದರು. 1889ರ ಮಹಾಪ್ರವಾಹ ಬಹುಪಾಲು ಕಟ್ಟಡಗಳನ್ನು ಒಯ್ದಿತು. ಉಳಿದದ್ದನ್ನು ಎರಡೇ ವರ್ಷದಲ್ಲಿ ಈ ಗುಡ್ಡದ ಮೇಲೆ ಕಟ್ಟಿ ನಿಲ್ಲಿಸಿದರು.

ಗದ್ದೆಗಳ ನಡುವೆ ಹತ್ತು ನಿಮಿಷ ನಡೆದು ಅಲ್ಲಿಗೂ ಹೋದೆ. ಸುಮಾರು 34 ಮೀಟರ್ ಎತ್ತರದ ತೋರಣದ್ವಾರ. ಅದರೊಳಗೆ ಹೋದರೆ? ಹುಲ್ಲು, ಮರ, ಎರಡು ಪುಟ್ಟ ಕಲ್ಲಿನ ಗುಡಿ. ಅಷ್ಟೇ. ಆದರೂ ಬಂದವರೆಲ್ಲ ದ್ವಾರದ ಹತ್ತಿರ ನಿಂತು ತಲೆಬಾಗಿಯೇ ಒಳಗೆ ಹೆಜ್ಜೆ ಇಡುತ್ತಿದ್ದರು.

ನನಗೆ ನಮ್ಮಜ್ಜಿ ನೆನಪಾದಳು. ಸಾಗರದ ಕಡೆಯ ಅವಳ ತವರೂರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿ ಅರವತ್ತು ವರ್ಷವಾಯಿತು. ದೇವರನ್ನು ಹೊಸ ಊರಿಗೆ ತಂದಿದ್ದಾರೆ, ಪೂಜೆಯೂ ನಡೆಯುತ್ತೆ. ಆದರೂ, "ಒಂದ್ಸಲ ಹಿನ್ನೀರಿನ ದಡಕ್ಕೆ ಕರ್ಕೊಂಡು ಹೋಗೇ" ಅಂತ ಪ್ರತಿ ಬೇಸಿಗೆಯಲ್ಲೂ ಕೇಳುತ್ತಾಳೆ. "ಬರೀ ನೀರು ನೋಡೋಕೆ ಅಷ್ಟು ದೂರ ಯಾಕಜ್ಜಿ?" ಅಂತ ನಗುತ್ತಿದ್ದೆ ನಾನು. ಬರೀ ಹುಲ್ಲು ನೋಡೋಕೆ ಸಮುದ್ರ ದಾಟಿ ಬಂದವಳು!

ಬಸ್ ಸ್ಟಾಪಿನಿಂದಲೇ ಫೋನ್ ಮಾಡಿದೆ. "ಅಜ್ಜಿ, ವಾಪಸ್ ಬಂದ ತಕ್ಷಣ ಹೋಗೋಣ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಈಗ ಬೇಡ್ವೇ. ಯುಗಾದಿ ಕಳೀಲಿ, ನೀರು ಇಳಿದಿರುತ್ತೆ. ಗುಡಿ ಕಟ್ಟೆ ಕಾಣಿಸಬಹುದು" ಅಂದಳು.