ಕೂಗುಮಾರಿ

ರಸಾಯನಶಾಸ್ತ್ರ ಕಲಿಸುವವರು ಧೈರ್ಯಸ್ಥರೆಂದು ಜನ ತಿಳಿದಿದ್ದಾರೆ. ತಿಳಿದಿರಲಿ ಬಿಡಿ.

ಮುಂಬಯಿಯ ಕಾಲೇಜೊಂದರಲ್ಲಿ ನಾವು ಪಾಠ ಹೇಳುತ್ತಿದ್ದಾಗ ಪ್ರಯೋಗಶಾಲೆಯ ಗೋಡೆಗೆ, ನೆಲದಿಂದ ಒಂದು ಗೇಣು ಮೇಲೆ, ಪುಟ್ಟ ಪೆಟ್ಟಿಗೆಯೊಂದನ್ನು ಕೂಡಿಸಿದರು. ಗ್ಯಾಸು ಸೋರಿದರೆ ಕೂಗುವ ಯಂತ್ರ. ಅಷ್ಟು ಕೆಳಗೇಕೆ ಎಂದು ಕೇಳಿದವರುಂಟು. ನಮ್ಮ ಬರ್ನರುಗಳಿಗೆ ಬರುತ್ತಿದ್ದುದು ಅಡಿಗೆಮನೆಯ ಸಿಲಿಂಡರಿನದೇ ಗ್ಯಾಸು; ಅದು ಗಾಳಿಗಿಂತ ಭಾರ, ಕಳ್ಳನಂತೆ ನೆಲ ಹಿಡಿದು ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಸೇರಿತೆಂದರೆ ಒಂದು ಕಿಡಿ ಸಾಕು. ಪೆಟ್ಟಿಗೆ ಮಾತ್ರ ಅದರ ಹತ್ತನೆಯ ಒಂದಂಶಕ್ಕೇ ಬಾಯಿ ತೆರೆಯುತ್ತಿತ್ತು.

ತೊಂದರೆಯೆಂದರೆ, ಹುಡುಗರು ಗಾಜಿನ ಸಾಮಾನನ್ನು ಅಸಿಟೋನಿನಲ್ಲಿ ತೊಳೆದರೂ ಅದು ಕೂಗುತ್ತಿತ್ತು. ಒಂದೇ ತಿಂಗಳಲ್ಲಿ ಮೂರು ಸಲ ಎಲ್ಲರೂ ಹೊರಗೋಡಿದೆವು. ಕಡೆಗೆ ನಾವೇ ಅದಕ್ಕೆ ‘ಕೂಗುಮಾರಿ’ ಎಂದು ಹೆಸರಿಟ್ಟು, ಊರ ಕಡೆ ಬಾಗಿಲ ಮೇಲೆ ಬರೆಯುತ್ತಿದ್ದಂತೆ ‘ನಾಳೆ ಬಾ’ ಎಂದು ಚೀಟಿ ಅಂಟಿಸಿದೆವು. ಕನ್ನಡ ಬಾರದ ಸಹೋದ್ಯೋಗಿಗಳು ಅದನ್ನು ಸುರಕ್ಷತೆಯ ಸೂಚನೆಯೆಂದೇ ನಂಬಿದ್ದರು!

2014ರ ಮಳೆಗಾಲದ ಒಂದು ಬೆಳಿಗ್ಗೆ. ಕಿಟಕಿಗಳೆಲ್ಲ ಮುಚ್ಚಿದ್ದವು, ಬರ್ನರು ಇನ್ನೂ ಹೊತ್ತಿಸಿರಲಿಲ್ಲ. ಮಾರಿ ಕೂಗಿತು. “ಅಸಿಟೋನು ಅಷ್ಟೆ, ಬರೆದುಕೊಳ್ಳಿ” ಎಂದೆವು. ನೆಗಡಿಯಿಂದ ನಮ್ಮ ಮೂಗು ರಜೆಯ ಮೇಲಿತ್ತು. ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಮೆಲ್ಲಗೆ, ಇಂದು ಅಸಿಟೋನಿನ ಬಾಟಲಿಯನ್ನು ಕಪಾಟಿನಿಂದ ತೆಗೆದೇ ಇಲ್ಲವಲ್ಲ ಎಂದಳು.

ಆ ಮಾತು ನಮ್ಮ ತಲೆಗೆ ಹೋಗುವಷ್ಟರಲ್ಲಿ ಒಬ್ಬ ಹುಡುಗ, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಗಾಳಿ ಹೊರದೂಡುವ ಫ್ಯಾನಿನ ಸ್ವಿಚ್ಚಿಗೆ ಕೈಚಾಚಿದ್ದ.

“ಹಾತ್ ಲಾವೂ ನಕೋ!”

ಬಾಗಿಲಲ್ಲಿ ನಿಂತಿದ್ದ ಪ್ರಯೋಗಶಾಲೆಯ ಮಾಮಾ ಗುಡುಗಿದರು. ಸ್ವಿಚ್ಚು ಹಾಕಿದರೂ ಕಿಡಿ, ಆರಿಸಿದರೂ ಕಿಡಿ. ನಮಗೆ ಗೊತ್ತಿಲ್ಲದ್ದೇನಲ್ಲ, ಸಮಯಕ್ಕೆ ಬಾಯಿಗೆ ಬಂದದ್ದು ಅವರಿಗೆ. ಹುಡುಗನ ಕೈ ಅಲ್ಲೇ ನಿಂತಿತು.

ಎಲ್ಲರನ್ನೂ ಹೊರಡಿಸಿದೆವು. ಮಾಮಾ ಹೊರಗೋಡೆಯ ಮುಖ್ಯ ವಾಲ್ವನ್ನು ತಿರುಗಿಸಿದರು. ವರಾಂಡದಲ್ಲಿ 22 ತಲೆಗಳನ್ನು ಎಣಿಸಿ, ನಂಬಿಕೆ ಬಾರದೆ ಮತ್ತೆ ಎಣಿಸಿದೆವು. ಕೂಗು ನಿಂತು ಬಹಳ ಹೊತ್ತಾದ ಮೇಲೆ ಒಳಗೆ ಹೋಗಿ ನೋಡಿದರೆ, ಮೂಲೆಯ ಮೇಜಿನ ನಲ್ಲಿ ಅರ್ಧ ತೆರೆದಿತ್ತು; ರಬ್ಬರು ನಳಿಗೆಯ ತುದಿಗೆ ಬರ್ನರೇ ಇಲ್ಲ. ಹಿಂದಿನ ದಿನದ ತಂಡ ಹಾಗೆಯೇ ಬಿಟ್ಟುಹೋದದ್ದು. ಹೋಗುವ ಮುನ್ನ ನೋಡಬೇಕಾದವರು ನಾವೇ.

ಚೀಟಿಯನ್ನು ಅಂದೇ ಕಿತ್ತೆವು. ಅಸಿಟೋನಿನ ಕೆಲಸ ಫ್ಯೂಮ್ ಹುಡ್ಡಿನೊಳಕ್ಕೆ ಹೋಯಿತು. ತಡವಾದದ್ದೇಕೆಂದು ಮನೆಯಾಕೆ ಕೇಳಿದಾಗ ಮೀಟಿಂಗ್ ಎಂದಿದ್ದೆವು. ಈ ಸಂಚಿಕೆ ಅಂಚೆಯಲ್ಲಿ ಬಂದಾಗ ಮೊದಲು ಬಿಚ್ಚುವವಳು ಅವಳೇ.