ಖಜ್ವೀನಿನ ರಫಿ, ಕಲಬುರಗಿಯ ನೆರಳು

ಆಳಂದದ ಬಸ್ಸಾಗಲಿ, ಅಫಜಲಪುರದ ಬಸ್ಸಾಗಲಿ, ಜೇವರ್ಗಿಯ ಬಸ್ಸಾಗಲಿ, ಕಡೆಗೆ ಬಂದು ನಿಲ್ಲುವುದು ಕಲಬುರಗಿಯಲ್ಲೇ. ಕೋರ್ಟಿನ ತಾರೀಖು, ದವಾಖಾನೆ, ತೊಗರಿ ಮಾರಾಟ, ಮಗಳ ಕಾಲೇಜಿನ ಫೀಸು ಎಂದು ನಮ್ಮ ಮೂರು ತಾಲೂಕಿನ ಮಂದಿ ಈ ಊರಿಗೆ ಬರದ ದಿನವಿಲ್ಲ. ಕೆಲಸ ಬೇಗ ಮುಗಿದರೆ ಶರಣಬಸವೇಶ್ವರರ ಗುಡಿಗೆ ಹೋಗುತ್ತಾರೆ, ಬಂದೇನವಾಜರ ದರ್ಗಾಕ್ಕೆ ಹೋಗುತ್ತಾರೆ. ಕೋಟೆಯೊಳಗೆ ಕಾಲಿಡುವವರು ಮಾತ್ರ ವಿರಳ. ಅಲ್ಲಿನ ಜಾಮಿ ಮಸೀದಿಯನ್ನು ಕಟ್ಟಿದ ಮನುಷ್ಯನ ಹೆಸರು ಹೇಳಿ ಎಂದರೆ ಓದಿದವರೂ ಸುಲ್ತಾನನ ಹೆಸರು ಹೇಳುತ್ತಾರೆ. ನನಗೆ ಇದು ಬಹಳ ದಿನದಿಂದ ಮನಸ್ಸಿಗೆ ಚುಚ್ಚುತ್ತಿರುವ ಸಂಗತಿ.

ಅವನ ಹೆಸರು ರಫಿ. ಶಂಸನ ಮಗ, ಮನ್ಸೂರನ ಮೊಮ್ಮಗ, ಇರಾನಿನ ಖಜ್ವೀನ್ ಊರಿನವನು. ಮಸೀದಿಯ ಶಾಸನದಲ್ಲಿ 1367ರ ಕಾಲವೂ ಬಹಮನಿ ದೊರೆ ಒಂದನೆಯ ಮುಹಮ್ಮದ್ ಶಹಾನ ಹೆಸರೂ ರಫಿಯ ಹೆಸರಿನ ಜೊತೆಗಿವೆ. ಅವನು ಯಾವಾಗ ಹುಟ್ಟಿದ, ಯಾರ ಕೈಕೆಳಗೆ ಕಲಿತ, ಯಾವ ಹಡಗು ಹತ್ತಿ ಬಂದ, ಶಾಸನ ಒಂದನ್ನೂ ಹೇಳುವುದಿಲ್ಲ. ಜೀವನಚರಿತ್ರೆ ಎಂದರೆ ತಂದೆ, ಅಜ್ಜ, ಊರು. ಉಳಿದದ್ದೆಲ್ಲ ಕಲ್ಲು, ಗಾರೆ.

ಫ್ರಾನ್ಸಿನವರದು ಬೇರೆ ಕಥೆ. ಅವರ ಹಳೆಯ ವಾಸ್ತುಶಿಲ್ಪಿಗಳ ಜಾತಕವೇ ಸಿಗುತ್ತದೆ. ಫ್ರಾನ್ಸ್ವಾ ಮಾನ್ಸಾರ್ 1598ರಲ್ಲಿ ಹುಟ್ಟಿ 1666ರಲ್ಲಿ ತೀರಿಕೊಂಡ. ತನ್ನ ಕೆಲಸ ತನಗೇ ಮನಸ್ಸಿಗೆ ಬಾರದಿದ್ದರೆ ಕಟ್ಟಿದ ಗೋಡೆಯನ್ನೇ ಕೆಡವಿ ಮತ್ತೆ ಕಟ್ಟಿಸುವ ಹಟಮಾರಿ. ಖರ್ಚು ಕೊಡುವ ಧಣಿಗಳಿಗೆ ತಲೆನೋವು. ಅವನ ಹೆಸರನ್ನು ಫ್ರೆಂಚರು ಒಂದು ಬಗೆಯ ಇಳಿಜಾರು ಮಾಡಿಗೇ ಇಟ್ಟರು. ಅವನ ಸಂಬಂಧದ ಮೊಮ್ಮಗ ಜೂಲ್ ಆರ್ದುಆಂ, ಅಜ್ಜನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು, ಹದಿನಾಲ್ಕನೆಯ ಲೂಯಿಯ ಆಸ್ಥಾನದ ದೊಡ್ಡ ವಾಸ್ತುಶಿಲ್ಪಿಯಾದ. ವರ್ಸಾಯ್ ಅರಮನೆಯ ಕನ್ನಡಿ ಸಾಲು ಅವನದು: ಒಂದು ಬದಿಗೆ 17 ಕಿಟಕಿ, ಎದುರಿಗೆ 17 ಕನ್ನಡಿ ಕಮಾನು, ಅವುಗಳಲ್ಲಿ 357 ಕನ್ನಡಿ. ತಂಪು ದೇಶದ ದೊರೆಗೆ ಬಿಸಿಲು ಬೇಕಾಗಿತ್ತು. ಒಳಗೆ ಬಂದ ಬೆಳಕನ್ನು ಇಮ್ಮಡಿ ಮಾಡಿ ಕೊಟ್ಟ. ಅದು ಜಾಣತನವೇ, ಅದರ ಹೆಚ್ಚುಗಾರಿಕೆಯನ್ನು ಕಡಿಮೆ ಮಾಡುವ ಮನಸ್ಸು ನನಗಿಲ್ಲ.

ನಮ್ಮ ರಫಿಯ ಮುಂದಿದ್ದ ಲೆಕ್ಕ ತಿರುವುಮುರುವು. ಏಪ್ರಿಲ್ ಬಂತೆಂದರೆ ನಲವತ್ತು ಡಿಗ್ರಿ ದಾಟುವ ಸೀಮೆ ಇದು. ಬೆಳಕು ಬೇಕು, ಬಿಸಿಲು ಬೇಡ. ಇರಾನಿನಿಂದ ಬಂದವನು ತನ್ನ ನಾಡಿನ ರೂಢಿಯಂತೆ ನಡುವೆ ದೊಡ್ಡ ಅಂಗಳ ಬಿಟ್ಟು ಸುತ್ತಲೂ ಕಟ್ಟಬಹುದಿತ್ತು. ಹಾಗೆ ಕಟ್ಟಲಿಲ್ಲ. ಸುಮಾರು 66 ಮೀಟರ್ ಉದ್ದ, 54 ಮೀಟರ್ ಅಗಲದ ಇಡೀ ಜಾಗಕ್ಕೆ ಮಾಡು ಹೊದಿಸಿಬಿಟ್ಟ. ಅಂಗಳ ಇರಬೇಕಾದಲ್ಲಿ ಸಾಲುಸಾಲು ಕಂಬ, ಕಂಬಗಳ ಮೇಲೆ ಕಮಾನು, ಕಮಾನುಗಳ ಮೇಲೆ ಅರವತ್ತಕ್ಕೂ ಹೆಚ್ಚು ಸಣ್ಣ ಗುಮ್ಮಟ. ನಾಲ್ಕು ಮೂಲೆಗೆ ನಾಲ್ಕು ಕೊಂಚ ದೊಡ್ಡವು, ಪಶ್ಚಿಮಕ್ಕೆ ಎಲ್ಲಕ್ಕಿಂತ ಎತ್ತರದ ಒಂದು. ಬೆಳಕು ಬರುವುದು ಮೇಲಿನಿಂದಲ್ಲ, ಪಕ್ಕದಿಂದ. ಹೊರಸುತ್ತಿನ ತೆರೆದ ಕಮಾನುಗಳನ್ನು ದಾಟಿ, ನೆಲಕ್ಕೆ ತಾಗಿ, ಸುಣ್ಣದ ಗೋಡೆಗೆ ತಾಗಿ, ಕಾವು ಕಳೆದುಕೊಂಡು ಒಳಗೆ ಬರುತ್ತದೆ.

ಒಳಗೆ ಹೋದವರು ದಕ್ಷಿಣದ ಓಣಿಯಲ್ಲಿ ಒಮ್ಮೆ ನಿಂತು ನೋಡಬೇಕು. ಕಮಾನುಗಳು ವಿಪರೀತ ಅಗಲ, ಅವು ಹುಟ್ಟುವ ಜಾಗವೋ ನೆಲಕ್ಕೆ ತೀರ ಹತ್ತಿರ. ಕಾಲು ಗಿಡ್ಡ, ಬಾಹು ಉದ್ದ. ಒಂದರ ಒಳಗೆ ಒಂದು, ಅದರೊಳಗೆ ಮತ್ತೊಂದು, ಹೀಗೆ ಓಣಿಯ ತುದಿಯವರೆಗೆ ಸಣ್ಣದಾಗುತ್ತಾ ಹೋಗುತ್ತವೆ. ಅಲಂಕಾರ ಎನ್ನುವುದು ಹೆಚ್ಚುಕಡಿಮೆ ಇಲ್ಲ, ಬಿಳಿ ಗಾರೆ ಅಷ್ಟೇ. ನನ್ನ ಜೊತೆ ಬಂದಿದ್ದ ಅಫಜಲಪುರ ಕಡೆಯ ಮುದುಕ ಗೌಂಡಿಯೊಬ್ಬರು ಆ ಕಮಾನಿನ ಬುಡವನ್ನು ಅಂಗೈಯಿಂದ ತಟ್ಟಿ ತಟ್ಟಿ ನೋಡಿದರು. “ಕಮಾನ ಮ್ಯಾಲಿನ ಭಾರಕ್ಕ ಅಂಜೂದಿಲ್ರಿ ಸರ, ಬಾಜೂಕ್ಕ ಒದೀತದ. ಈ ಮನಷ್ಯಾ ಒದ್ಯಾಕ ಜಾಗಾನ ಕೊಟ್ಟಿಲ್ಲ ನೋಡ್ರಿ” ಎಂದರು. ಎಂಜಿನಿಯರಿಂಗ್ ಪುಸ್ತಕದ ಒಂದು ಪಾಠ ಅಷ್ಟರಲ್ಲಿ ಮುಗಿಯಿತು. ಕಮಾನು ಅಗಲವಾದಷ್ಟೂ ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ. ಕಾಲು ಗಿಡ್ಡವೂ ದಪ್ಪವೂ ಆಗಿದ್ದರೆ, ಪಕ್ಕದ ಕಮಾನು ಎದುರು ಒತ್ತು ಕೊಟ್ಟರೆ, ಮೂಲೆಯಲ್ಲಿ ಭಾರದ ಗುಮ್ಮಟ ಕೂತಿದ್ದರೆ, ಆ ತಳ್ಳು ಎಲ್ಲಿಗೂ ಹೋಗುವಂತಿಲ್ಲ.

ಆ ಗೌಂಡಿಯವರು ಹುಟ್ಟಿ ಬೆಳೆದದ್ದು ಮಾಳಿಗೆ ಮನೆಯಲ್ಲಿ. ಆಳಂದ, ಅಫಜಲಪುರದ ಹಳ್ಳಿಗಳಲ್ಲಿ ಇವತ್ತಿಗೂ ಅಂಥ ಮನೆಗಳು ಅಲ್ಲಲ್ಲಿ ಉಳಿದಿವೆ. ಕರಿಕಲ್ಲಿನ ದಪ್ಪ ಗೋಡೆ, ತೊಲೆ, ಜಂತಿ, ಅದರ ಮೇಲೆ ಮೊಳದೆತ್ತರ ಮಣ್ಣು. ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ತಂದು ಮಾಳಿಗೆಗೆ ಹರವುತ್ತಾರೆ, ನೀರು ಇಳಿಯಬಾರದೆಂದು. ಕಿಟಕಿ ಇದ್ದರೂ ಅಂಗೈಯಗಲ. ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನ ಅಂಥ ಮನೆಯ ಪಡಸಾಲೆಯಲ್ಲಿ ಮಲಗಿ ಎದ್ದವರಿಗೆ ರಫಿ ಏನು ಮಾಡಿದ ಎಂದು ಬಿಡಿಸಿ ಹೇಳಬೇಕಿಲ್ಲ. ಈಗ ನಾವು ತಗಡು ಹೊದಿಸಿ, ಇಲ್ಲವೆ ಸ್ಲ್ಯಾಬು ಹಾಕಿ, ರಾತ್ರಿಯೆಲ್ಲ ಬೀಸಣಿಗೆ ಹಿಡಿದು ಕೂರುತ್ತೇವೆ. ಕರೆಂಟು ಹೋದ ರಾತ್ರಿಯಂತೂ ಹೇಳಬಾರದು.

ಈ ಮಸೀದಿಯ ವಿಷಯದಲ್ಲಿ ವಿದ್ವಾಂಸರ ತಕರಾರೂ ಉಂಟು. ಸ್ಪೇನಿನ ಕಾರ್ಡೋಬಾ ಮಸೀದಿಯ ನಕಲು ಇದು ಎಂಬ ಮಾತು ಬಹಳ ವರ್ಷ ಓಡಾಡಿತು. ಮಾಡು ಹೊದಿಸಿದ ಕಂಬದ ಸಾಲು ಎಂಬುದನ್ನು ಬಿಟ್ಟರೆ ಎರಡಕ್ಕೂ ಹೋಲಿಕೆ ಕಡಿಮೆ. ಇತ್ತೀಚೆಗೆ ಹೆಲೆನ್ ಫಿಲನ್ ಎಂಬ ವಿದುಷಿ, ಇದು ಮೊದಲಿಗೆ ಫಿರೋಜ್ ಶಹಾ ಬಹಮನಿಯ ಸಾವಿರ ಕಂಬದ ಆಸ್ಥಾನ ಮಂಟಪವಾಗಿತ್ತು ಎಂದು ವಾದಿಸಿದ್ದಾರೆ. ಹಾಗಾದರೆ ಕಟ್ಟಡ ಶಾಸನಕ್ಕಿಂತ ಈಚಿನದಾಗುತ್ತದೆ. ಅವರ ವಾದ ತಳ್ಳಿಹಾಕುವಂಥದ್ದಲ್ಲ. ಆದರೂ ನನ್ನ ಒಲವು ಶಾಸನದ ಕಡೆಗೇ. ಕಟ್ಟಿದವನ ಹೆಸರು ಉಳಿಯುವುದೇ ಅಪರೂಪವಾದ ನಾಡಿನಲ್ಲಿ, ಉಳಿದ ಒಂದು ಹೆಸರನ್ನು ಕೈಬಿಡಲು ಇನ್ನೂ ಗಟ್ಟಿ ಸಾಕ್ಷಿ ಕೇಳುತ್ತೇನೆ.

ಅಪರೂಪ ಎಂದೆ, ಇಲ್ಲವೇ ಇಲ್ಲ ಎಂದೇನೂ ಅಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ರಾಣಿ ಲೋಕಮಹಾದೇವಿಗಾಗಿ ಕಟ್ಟಿದ ಗುಂಡ ಅನಿವಾರಿತಾಚಾರಿಗೆ ಎಂಟನೆಯ ಶತಮಾನದಲ್ಲೇ ‘ತ್ರಿಭುವನಾಚಾರಿ’ ಎಂಬ ಬಿರುದು ಸಿಕ್ಕಿತು, ಅದನ್ನು ಕಲ್ಲಿನಲ್ಲಿ ಕೆತ್ತಿದರು. ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಮಲಿಕ್ ಸಂದಲನ ಹೆಸರಿದೆ. ಇಂಥವರ ಸಾಲಿನಲ್ಲಿ ರಫಿ ನಿಲ್ಲುತ್ತಾನೆ. ಆದರೆ ಜೇವರ್ಗಿಯ ದಾರಿ ಹಿಡಿದು ಭೀಮಾ ದಂಡೆಯ ಫಿರೋಜಾಬಾದಕ್ಕೆ ಹೋಗಿ ನೋಡಿ. ಫಿರೋಜ್ ಶಹಾ 1400ರ ಸುಮಾರಿಗೆ ಕಟ್ಟಿಸತೊಡಗಿದ ಇಡೀ ಪಟ್ಟಣ: ಮೂರು ಕಡೆ ಕೋಟೆಗೋಡೆ, ನಾಲ್ಕನೆಯ ಕಡೆ ಹೊಳೆ. ಒಳಗೆ ಮಸೀದಿ, ಹಮಾಮು, ಅರಮನೆಯ ಮುರುಕು, ನಡುನಡುವೆ ಹೊಲ. ದೊರೆಯ ಹೆಸರು ಊರಿಗೇ ಅಂಟಿಕೊಂಡಿದೆ. ಆ ಗೋಡೆ ಏರಿಸಿದ ಒಬ್ಬ ಗೌಂಡಿಯ ಹೆಸರೂ ಊರವರ ಬಾಯಲ್ಲಿಲ್ಲ.

ಅಂಗಳಕ್ಕೇ ಮಾಡು ಹೊದಿಸುವ ರಫಿಯ ಧೈರ್ಯವನ್ನು ದಖ್ಖನ್ನಿನ ದೊಡ್ಡ ಮಸೀದಿಗಳು ಮತ್ತೆ ತೋರಲಿಲ್ಲ; ವಿಜಯಪುರದ ಜಾಮಿ ಮಸೀದಿಗೂ ಅಂಗಳವಿದೆ. ಗಿಡ್ಡ ಕಾಲಿನ ಅಗಲ ಕಮಾನು ಮಾತ್ರ ಈ ಸೀಮೆಯ ಕಟ್ಟಡಗಳಿಗೆ ರೂಢಿಯಾಯಿತು. ವರ್ಷವರ್ಷವೂ ನಮ್ಮ ತಾಲೂಕುಗಳ ಶಾಲೆಗಳಿಂದ ಮಕ್ಕಳ ಪ್ರವಾಸ ಗೋಳಗುಮ್ಮಟಕ್ಕೆ ಹೋಗುತ್ತದೆ, ಹೋಗಲಿ, ಕೂಗಿ ಪ್ರತಿಧ್ವನಿ ಕೇಳಿ ಬರಲಿ. ಆದರೆ ಮೊದಲು ಕಲಬುರಗಿ ಕೋಟೆಗೆ ಒಂದು ಮಧ್ಯಾಹ್ನ ಕರೆತನ್ನಿ ಎಂದು ಮಾಸ್ತರರಲ್ಲಿ ಕೇಳಿಕೊಳ್ಳುತ್ತೇನೆ. ಬಿಸಿಲಿನಲ್ಲೇ ಕರೆತನ್ನಿ. ಹೊರಗೆ ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ದಕ್ಷಿಣದ ಓಣಿಯಲ್ಲಿ ಹತ್ತು ನಿಮಿಷ ಕೂಡಿಸಿ, ಸುಲ್ತಾನನ ಹೆಸರು ಹೇಳುವ ಮೊದಲು ರಫಿಯ ಹೆಸರು ಹೇಳಿ.