ಪರಂಗಿ ಬೆಟ್ಟ, ಹೈದರನ ಕುದುರೆ, ಒಂದು ಸರಪಣಿ

ಮದರಾಸು ಅಂದರೆ ಸಮುದ್ರ, ಸೆಕೆ, ಸಾಂಬಾರು. ಊರಿನವರ ಪಟ್ಟಿ ಇಷ್ಟಕ್ಕೇ ಮುಗಿಯುತ್ತದೆ. ಇಲ್ಲೊಂದು ಬೆಟ್ಟವೂ ಇದೆ ಅಂದರೆ ನಗುತ್ತಾರೆ. ಮುಳ್ಳಯ್ಯನಗಿರಿ ನೋಡಿದ ಕಣ್ಣಿಗೆ ಇದು ಬರೀ ದಿಣ್ಣೆ, ಒಪ್ಪಿದೆ. ಎತ್ತರ ಸುಮಾರು 300 ಅಡಿ ಅಷ್ಟೆ. ಆದರೂ ಚೆನ್ನೈನಲ್ಲಿರುವ ಕನ್ನಡಿಗರು ಒಮ್ಮೆಯಾದರೂ ಹತ್ತಬೇಕು ಅಂತ ನಾನು ಹೇಳುತ್ತಲೇ ಇರುತ್ತೇನೆ. ಯಾಕೆ ಅಂತ ಕೇಳಿ.

ಗಿಂಡಿಯಲ್ಲಿ ತಾಂಬರಂ ಕಡೆಯ ಲೋಕಲ್ ಹತ್ತಿದರೆ ಮುಂದಿನ ಸ್ಟೇಷನ್ನೇ ಸೇಂಟ್ ಥಾಮಸ್ ಮೌಂಟ್. ತಮಿಳಿನಲ್ಲಿ ಪರಂಗಿಮಲೈ. ನಮ್ಮ ಪರಂಗಿ ಹಣ್ಣಿನ ಪರಂಗಿಯೇ ಇದು, ಫರಂಗಿಯವರ ಬೆಟ್ಟ ಅಂತ. ಯೇಸುವಿನ ಶಿಷ್ಯ ಥಾಮಸ್ ಕ್ರಿ.ಶ. 72ರಲ್ಲಿ ಇಲ್ಲಿ ಪ್ರಾಣ ಬಿಟ್ಟನೆಂಬುದು ಕ್ರೈಸ್ತರ ನಂಬಿಕೆ. ಪೋರ್ಚುಗೀಸರು 1523ರಲ್ಲಿ ನೆತ್ತಿಯ ಮೇಲೆ ಚರ್ಚ್ ಕಟ್ಟಿದರು. 1547ರಲ್ಲಿ ಅಗೆಯುವಾಗ ಸಿಕ್ಕಿತು ಎನ್ನುವ, ಪಹ್ಲವಿ ಲಿಪಿಯ ಕಲ್ಲಿನ ಶಿಲುಬೆ ಇಂದಿಗೂ ಅಲ್ಲಿದೆ. ಹತ್ತಲು ನೂರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು. ಕಟ್ಟಿಸಿದವನು ಪೆಟ್ರಸ್ ಉಸ್ಕಾನ್ ಎಂಬ ಅರ್ಮೇನಿಯಾದ ವ್ಯಾಪಾರಿ. ಸೈದಾಪೇಟೆಯಲ್ಲಿ ಅಡ್ಯಾರ್ ನದಿಗೆ 1726ರಲ್ಲಿ ಸೇತುವೆ ಕಟ್ಟಿಸಿದವನೂ ಅವನೇ. ಎಲ್ಲಿಯ ಅರ್ಮೇನಿಯಾ, ಎಲ್ಲಿಯ ಸೈದಾಪೇಟೆ! ಹೊಟ್ಟೆಪಾಡಿಗೆ ಬಂದವರಲ್ಲಿ ನಾವೇನೂ ಮೊದಲಿಗರಲ್ಲ.

ಈಗ ನಮ್ಮ ಕಥೆಗೆ ಬರೋಣ. 1769ರಲ್ಲಿ ಈ ಬೆಟ್ಟದ ಬುಡಕ್ಕೆ ಮೈಸೂರಿನ ದಂಡು ಬಂದಿತ್ತು. ಹೈದರಾಲಿ ಇಂಗ್ಲಿಷರ ಸೈನ್ಯವನ್ನು ದಕ್ಷಿಣದಲ್ಲಿ ಅಲೆದಾಡಿಸಿ, ಆರು ಸಾವಿರ ಕುದುರೆ ಸವಾರರೊಂದಿಗೆ 130 ಮೈಲಿಯನ್ನು ಮೂರೂವರೆ ದಿನದಲ್ಲಿ ದಾಟಿ ಇಲ್ಲಿ ಪ್ರತ್ಯಕ್ಷನಾದ. ಕೋಟೆಯಲ್ಲಿದ್ದ ಕಂಪನಿಯವರಿಗೆ ಸಂಧಿಗೆ ಕೂರದೆ ಗತಿ ಇರಲಿಲ್ಲ. ಆ ಏಪ್ರಿಲ್‌ನ ಮದರಾಸು ಒಪ್ಪಂದದಲ್ಲಿ, ಒಬ್ಬರ ಮೇಲೆ ಯಾರಾದರೂ ಬಿದ್ದರೆ ಇನ್ನೊಬ್ಬರು ನೆರವಾಗಬೇಕು ಅಂತ ಬರೆದುಕೊಂಡರು. ಎರಡೇ ವರ್ಷದಲ್ಲಿ ಮರಾಠರು ಮೈಸೂರಿನ ಮೇಲೆ ಬಂದಾಗ ಇಂಗ್ಲಿಷರು ಕೈ ಕಟ್ಟಿ ಕೂತರು. ಆ ಸಿಟ್ಟನ್ನು ಹೈದರ್ ಮರೆಯಲಿಲ್ಲ, 1780ರಲ್ಲಿ ಮತ್ತೆ ನುಗ್ಗಿದ.

ಹೈದರ್ ಬಂದು 33 ವರ್ಷದ ಮೇಲೆ ಇದೇ ಬೆಟ್ಟದ ಬಳಿ ಇನ್ನೊಬ್ಬ ಬಂದ. ವಿಲಿಯಂ ಲ್ಯಾಂಬ್ಟನ್. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದವನು. ಟಿಪ್ಪು ಬಿದ್ದ ಮೇಲೆ, ಕೈಗೆ ಬಂದ ಸೀಮೆಯನ್ನೆಲ್ಲ ಅಳೆಯಬೇಕು ಅಂತ ಹೊರಟ. 1802ರ ಏಪ್ರಿಲ್ 10ರಂದು 100 ಅಡಿಯ ಉಕ್ಕಿನ ಸರಪಣಿ ಹಿಡಿದು, ಇಲ್ಲಿಂದ ಪೆರುಂಬಾಕ್ಕಂ ಕಡೆಗೆ ಏಳೂವರೆ ಮೈಲಿಯ ಒಂದು ನೇರ ಗೆರೆಯನ್ನು ಅಳೆಯಲು ಶುರು ಮಾಡಿದ. ಒಂದು ಗೆರೆಯ ಉದ್ದ, ಅದರ ಎರಡು ತುದಿಯ ಕೋನ ಗೊತ್ತಾದರೆ ತ್ರಿಕೋನದ ಉಳಿದ ಬಾಹುಗಳು ಲೆಕ್ಕಕ್ಕೆ ಸಿಗುತ್ತವೆ ತಾನೆ? ಹಾಗೇ ತ್ರಿಕೋನದಿಂದ ತ್ರಿಕೋನಕ್ಕೆ ದಾಟುತ್ತ ಬೆಂಗಳೂರು, ಅಲ್ಲಿಂದ ಮಂಗಳೂರಿನ ಕಡಲ ತನಕ ಹೋದರು. 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೊಂದು ಗೆರೆಯನ್ನು ಸರಪಣಿ ಹಾಕಿ ಅಳೆದು ತಾಳೆ ನೋಡಿದಾಗ, ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಮ್ಮಿ! ದಿನಾ ಸಂಜೆ ಕ್ಯಾಶ್ ಟ್ಯಾಲಿ ಮಾಡಿ ಸುಸ್ತಾಗುವ ನಮ್ಮಂಥವರು ಇದಕ್ಕೆ ಕೈ ಮುಗಿಯಬೇಕು. ಇದೇ ಸರ್ವೆ ಮುಂದೆ ಹಿಮಾಲಯದ ತನಕ ಹೋಗಿ ಎವರೆಸ್ಟಿನ ಎತ್ತರ ಹೇಳಿತು. ಬೆಟ್ಟದ ಮೇಲೆ ಲ್ಯಾಂಬ್ಟನ್ನನ ಅರ್ಧಪ್ರತಿಮೆ ಇದೆ.

ಕಣ್ಣಿನ ಆಪರೇಷನ್ನಿಗೆ ಅಂತ ಕೋಲಾರದ ಕಡೆಯಿಂದ ಬಂದ ಚಿಕ್ಕಪ್ಪನನ್ನು, ಡಾಕ್ಟರು ಓಡಾಡಬಹುದು ಅಂದ ಮೇಲೆ, ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ತಾಲ್ಲೂಕು ಕಚೇರಿಯಲ್ಲಿ ಸರ್ವೇಯರ್ ಆಗಿ ನಿವೃತ್ತರಾದವರು. ಬಂದಾಗಿನಿಂದ ಒಂದೇ ರಾಗ: "ಅಪ್ಪ ಕಟ್ಟಿದ ಮನೆಗೆ ಬೀಗ ಬಿದ್ದಿದೆ. ರಿಟೈರ್ ಆದಮೇಲೂ ಈ ಪರಸ್ಥಳದಲ್ಲಿ ಏನಿದೆಯೋ ನಿನಗೆ?" ಮಂಡಿ ನೋವು ಅಂತ ಮೇಲಿನ ತನಕ ಕಾರಿನಲ್ಲೇ ಹೋದೆವು. ಸರಪಣಿ ಕಥೆ ಹೇಳಿದ್ದೇ ತಡ, ಚಿಕ್ಕಪ್ಪ ಚುರುಕಾದರು. "ಏಪ್ರಿಲ್ ಬಿಸಿಲಿಗೆ ಉಕ್ಕು ಹಿಗ್ಗುತ್ತಲ್ಲೋ, ಅದಕ್ಕೇನು ಮಾಡಿದರು?" ಮರದ ಪೆಟ್ಟಿಗೆಯಲ್ಲಿ ಮಲಗಿಸಿ, ನೆರಳಿಗೆ ಡೇರೆ ಹಾಕಿ, ಥರ್ಮಾಮೀಟರ್ ಇಟ್ಟು ಲೆಕ್ಕ ಹಿಡಿದರು ಅಂದೆ. ತಲೆದೂಗಿದರು. ಹೈದರನ ವಿಷಯಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ಬಂದ ಕುದುರೆ ವಾಪಸ್ ಹೋಗುತ್ತೆ ಕಣೋ. ಸರಪಣಿ ಬಂದರೆ ಹೋಗಲ್ಲ."

ಇಷ್ಟು ಪುಸ್ತಕ ಓದಿದ ನನಗೆ ಹೊಳೆಯದ ಮಾತು. ಅವರ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಆದರೆ ಆಮೇಲೆ ಅವರು ಪರಸ್ಥಳ ಅನ್ನುವ ಪದ ಬಳಸಲಿಲ್ಲ.

ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ, ನೀರಿನ ಬಾಟಲಿ ಇರಲಿ. ಪೂರ್ವಕ್ಕೆ ಗಿಂಡಿಯ ಹಸಿರು, ಕಾಲ ಕೆಳಗೆ ಕತ್ತಿಪಾರದ ಫ್ಲೈಓವರ್ ಚಕ್ಕುಲಿಯ ಹಾಗೆ, ಇನ್ನೊಂದು ಕಡೆ ರನ್‌ವೇಗೆ ಇಳಿಯುವ ವಿಮಾನಗಳು. ಎಲ್ಲ ನೋಡಿದ ಮೇಲೆ ಒಂದು ನಿಮಿಷ ಪಶ್ಚಿಮಕ್ಕೆ ತಿರುಗಿ ನಿಲ್ಲಿ. ನಮ್ಮೂರು ಎಷ್ಟು ದೂರ ಎಂಬ ಲೆಕ್ಕ ಶುರುವಾದದ್ದು ಇಲ್ಲಿಂದಲೇ.